ಗುರುಗಳ ಖಾಲಿ ಎಲೆ

ಹೊಳೆ ಬಳಸಿಕೊಂಡು ಹೋಗುವ ತಿರುವಿನಲ್ಲಿ ನಂಜಯ್ಯ ಗುರುಗಳ ಆಶ್ರಮವಿತ್ತು. ಒಂಬತ್ತು ಜನ, ಒಂದು ಹಸು, ಒಂದು ಒಲೆ. ಅಷ್ಟೇ ಸಂಸಾರ.

ಒಲೆ ಪುಟ್ಟನಿಂಗಮ್ಮನದು. ಹದಿನೆಂಟು ವರ್ಷದಿಂದ ಅವಳದೇ ಅಡುಗೆ. ದಿನಾ ರಾಗಿಮುದ್ದೆ, ದಿನಾ ಮಸ್ಸೊಪ್ಪು. ಸೊಪ್ಪನ್ನು ಬೇಳೆಯ ಜೊತೆ ಬೇಯಿಸಿ, ನುಣ್ಣಗೆ ಮಸೆದು ಇಡುತ್ತಿದ್ದಳು. ಈಯಮ್ಮನಿಗೆ ಇನ್ನೊಂದು ಅಡುಗೆ ಬರುವುದಿಲ್ಲ ಎಂದು ಶಿಷ್ಯರು ಬೆನ್ನ ಹಿಂದೆ ಗೊಣಗುತ್ತಿದ್ದರು.

ಗೊಣಗುವವರಲ್ಲಿ ಮೊದಲಿಗ ಮರಿದೇವ. ಬಂದು ಮೂರು ವರ್ಷವಾಗಿತ್ತು. ಗುರುಗಳ ಬಟ್ಟೆ ಒಗೆಯುವುದು, ಸ್ನಾನಕ್ಕೆ ನೀರು ತರುವುದು, ಊಟಕ್ಕೆ ಎಲೆ ಹಾಕುವುದು ಎಲ್ಲ ಅವನೇ. ಗುರುಗಳೆಂದರೆ ಅವನಿಗೆ ಪ್ರಾಣ.

ಆ ಬೇಸಿಗೆಯಲ್ಲಿ ಗುರುಗಳಿಗೆ ಹೊಳೆಯ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಅದನ್ನು ಕೇಳಿದಾಗಲೆಲ್ಲ ಮರಿದೇವ, ಇವರು ಹೋದರೆ ನನಗೆ ಇನ್ಯಾರು ಎಂದು ಒಳಗೊಳಗೇ ಅಳುತ್ತಿದ್ದ.

ಅದೇ ಹೊತ್ತಿಗೆ ಒಬ್ಬ ಸಂಚಾರಿ ಸಾಧು ಬಂದು ಎರಡು ದಿನ ತಂಗಿದ.

“ಹನ್ನೆರಡು ವರ್ಷವಾಯಿತು, ಬೆಂಕಿ ಮುಟ್ಟಿದ್ದನ್ನು ನಾನು ಮುಟ್ಟಿಲ್ಲ. ಬರೀ ಹಸಿ ಕಾಯಿ, ಹಸಿ ಕಾಳು,” ಎಂದ ಸಾಧು. “ನನಗೀಗ ಎಪ್ಪತ್ತು. ಈ ರಟ್ಟೆ ಹಿಡಿದು ನೋಡು.”

ಮರಿದೇವ ಹಿಡಿದು ನೋಡಿದ. ರಟ್ಟೆ ಒನಕೆಯಂತಿತ್ತು.

ಮರುದಿನ ಬೆಳಿಗ್ಗೆ ಅವನು ಗುರುಗಳ ಮುಂದೆ ಕೈಕಟ್ಟಿ ನಿಂತ.

“ಗುರುಗಳೇ, ಬೆಂಕಿ ಅನ್ನವನ್ನು ಕೊಲ್ಲುತ್ತದೆ. ನಾವು ದಿನಾ ಸತ್ತದ್ದನ್ನು ಉಣ್ಣುತ್ತಿದ್ದೇವೆ. ಹಸಿ ಪದಾರ್ಥ ಉಂಡರೆ ನೀವು ನೂರು ವರ್ಷ ಇರುತ್ತೀರಿ.”

“ನಾನು ನೂರು ವರ್ಷ ಇರಬೇಕೇ?”

“ಇರಬೇಕು. ನನಗೆ ಅದೊಂದೇ ಆಸೆ.”

ಗುರುಗಳು ಎದ್ದರು. ನೇರ ಅಡುಗೆಮನೆಗೆ ಹೋದರು. ಮೂಲೆಯಲ್ಲಿದ್ದ ನೀರಿನ ಕೊಡವನ್ನು ಎತ್ತಿ ಉರಿಯುವ ಒಲೆಗೆ ಸುರಿದರು. ಚೊಂಯ್ ಎಂದು ಹೊಗೆ ಎದ್ದು ಮನೆಯೆಲ್ಲ ತುಂಬಿತು.

ಮರಿದೇವ ಕೆಮ್ಮುತ್ತ ಹಿಂದೆಯೇ ಓಡಿಬಂದ.

“ಗುರುಗಳೇ, ನಾನು ಸ್ವಲ್ಪ ಸ್ವಲ್ಪವಾಗಿ ಶುರು ಮಾಡೋಣ ಅಂದುಕೊಂಡಿದ್ದೆ. ಬೆಳಿಗ್ಗೆ ಒಂದಿಷ್ಟು ಮೊಳಕೆಕಾಳು, ಮಧ್ಯಾಹ್ನ ಒಂದು ಸೌತೆಕಾಯಿ...”

“ಕೊಲೆ ಅಂದೆಯಲ್ಲ. ಕೊಲೆಯನ್ನು ಯಾರಾದರೂ ಸ್ವಲ್ಪ ಸ್ವಲ್ಪವಾಗಿ ನಿಲ್ಲಿಸುತ್ತಾರೆಯೇ?”

ಪುಟ್ಟನಿಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. “ಇದೇನ್ ಮಾಡ್ಬುಟ್ರಿ, ಬುದ್ಧಿ? ಮುದ್ದೆಗೆ ಎಸರು ಮಡಗಿದ್ದೆ.”

“ಇವತ್ತಿನಿಂದ ನಿನಗೆ ರಜಾ, ನಿಂಗಮ್ಮ. ಊಟ ಮರಿದೇವನದು,” ಎಂದರು ಗುರುಗಳು. ಅವಳೇನೋ ಹೇಳಲು ಬಾಯಿ ತೆರೆದಳು. ಗುರುಗಳು ತಲೆಯಲ್ಲಾಡಿಸಿದರು. ಅವಳು ಜಗಲಿಗೆ ಹೋಗಿ ಕೂತಳು.

ಮರಿದೇವನಿಗೆ ಮೈಯೆಲ್ಲ ಕೈಯಾಯಿತು. ಕಾಳು ನೆನೆಸಿದ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ. ಮೂಲಂಗಿ ತೊಳೆದ, ಸೌತೆಕಾಯಿ ಹೆಚ್ಚಿದ, ಕಡಲೆಕಾಯಿ ಬಿಡಿಸಿದ, ಕೊಬ್ಬರಿ ಚೂರು ಮಾಡಿದ. ಮೊದಲ ದಿನ ಎಲ್ಲರೂ ಚೆನ್ನಾಗಿದೆ ಅಂದರು. ಎರಡನೆಯ ದಿನ ಎಲ್ಲರೂ ತೇಗಿದರು. ಮೂರನೆಯ ದಿನ ಇಬ್ಬರಿಗೆ ಇದ್ದಕ್ಕಿದ್ದಂತೆ ಊರಿನ ನೆಂಟರ ನೆನಪಾಗಿ, ಊಟದ ಹೊತ್ತಿಗೆ ಸರಿಯಾಗಿ ಹೊರಟುಹೋದರು.

ಮರಿದೇವನಿಗೆ ಮಾತ್ರ ಮೈ ಹಗುರವಾಗಿತ್ತು. ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದ. ನನಗೇ ಹೀಗಾದರೆ ಗುರುಗಳಿಗೆ ಇನ್ನೆಷ್ಟು ಹಿತವಾಗಿರಬೇಕು ಎಂದು ಹಿಗ್ಗುತ್ತಿದ್ದ.

ಆ ಆಶ್ರಮದಲ್ಲಿ ಒಂದು ನಿಯಮವಿತ್ತು. ಉಣ್ಣುವ ಗುರುವನ್ನು ಶಿಷ್ಯ ನೋಡಬಾರದು. ಎಲ್ಲರ ಊಟವಾದ ಮೇಲೆ ಗುರುಗಳು ಕೊಟ್ಟಿಗೆಯ ಪಕ್ಕದ ಹೊಂಗೆ ಮರದ ಕೆಳಗೆ ಒಬ್ಬರೇ ಕೂರುತ್ತಿದ್ದರು. ಮರಿದೇವ ಎಲೆ ಇಟ್ಟು ಬಡಿಸಿ, ಬೆನ್ನು ತಿರುಗಿಸಿ ಬಂದುಬಿಡುತ್ತಿದ್ದ. ಆಮೇಲೆ ಹೋಗಿ ನೋಡಿದರೆ ಎಲೆಯಲ್ಲಿ ಒಂದು ಕಾಳೂ ಉಳಿದಿರುತ್ತಿರಲಿಲ್ಲ. ಆ ಖಾಲಿ ಎಲೆ ನೋಡಿದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಐದನೆಯ ದಿನ ಗುರುಗಳು ಸ್ನಾನ ಮುಗಿಸಿ ಬರುವಾಗ ಅರ್ಧ ಮೆಟ್ಟಿಲಿಗೇ ಕುಸಿದು ಕೂತರು. ಇಬ್ಬರು ಹಿಡಿದು ಎತ್ತಬೇಕಾಯಿತು. ತುಟಿ ಬಿಳಿಚಿಕೊಂಡಿತ್ತು.

ಮರಿದೇವನಿಗೆ ಭಯವಾಯಿತು. ಆದರೂ ಜಗಲಿಯ ಮೇಲೆ ಕೂತಿದ್ದ ಪುಟ್ಟನಿಂಗಮ್ಮನಿಗೆ ಹೇಳಿದ, “ಇದು ಒಳ್ಳೆಯ ಲಕ್ಷಣವಂತೆ. ಮೊದಮೊದಲು ಮೈಯೊಳಗಿನ ವಿಷ ಹೊರಗೆ ಹೋಗುವಾಗ ಹೀಗೇ ಆಗುತ್ತೆ ಅಂತ ಸಾಧು ಹೇಳಿದ್ದ.”

ಪುಟ್ಟನಿಂಗಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಇವತ್ತು ಎಲೆ ಮಡಗಿ ಬಂದ್ಬುಡಬ್ಯಾಡ ಕಣಪ್ಪ. ಹಸ ಕಟ್ಟಾಕೋ ತಾವ ಹಿಂದ್ಗಡೆ ನಿಂತ್ಕೊಂಡು ನೋಡು.”

“ನೋಡಬಾರದು ಅಂತ ನಿಯಮ ಇದೆಯಲ್ಲಮ್ಮ.”

“ಹಂಗಾದ್ರೆ ನಿಯಮ ಮಡಿಕ್ಕೊ. ಗುರುನ ಕಳ್ಕೊ.”

ಮರಿದೇವ ಅವಳ ಎದುರು ಕುಕ್ಕರಿಸಿದ. ಏನು ಎತ್ತ ಎಂದು ಕೇಳಿದ. ಹೇಳಬೇಡ ಎಂದು ಗುರುಗಳು ಆಣೆ ಮಾಡಿಸಿಕೊಂಡಿದ್ದಾರೆ ಎಂದಷ್ಟೇ ಅಂದು ಮುಖ ಅತ್ತ ತಿರುಗಿಸಿದಳು.

ಮಧ್ಯಾಹ್ನ ಮರಿದೇವ ಎಲೆ ಹಾಕಿ ಬಡಿಸಿದ. ಬೆನ್ನು ತಿರುಗಿಸಿ ಹೊರಟ. ಕೊಟ್ಟಿಗೆಯ ಗೋಡೆಯ ಹಿಂದೆ ಕಳ್ಳನಂತೆ ನಿಂತ.

ಗುರುಗಳು ಎಲೆಗೆ ಕೈಮುಗಿದರು. ಒಂದು ಚಿಟಿಕೆ ಮೊಳಕೆಕಾಳನ್ನು ಬಾಯಿಗೆ ಹಾಕಿಕೊಂಡರು. ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ಹೊರಳಿಸಿದರು. ಬಹಳ ಹೊತ್ತು ಹೊರಳಿಸಿದರು. ಕಡೆಗೆ ಅದನ್ನು ಅಂಗೈಗೆ ತೆಗೆದುಕೊಂಡರು. ಎದ್ದು ಇಡೀ ಎಲೆಯನ್ನು ಹಸುವಿನ ಬಾಯ ಹತ್ತಿರ ಹಿಡಿದರು.

ಹಸು ಚೆನ್ನಾಗಿ ಉಂಡಿತು. ಎಲೆಯಲ್ಲಿ ಒಂದು ಕಾಳೂ ಉಳಿಯಲಿಲ್ಲ.

ಮರಿದೇವ ಓಡಿಬಂದು ಗುರುಗಳ ಎದುರು ನಿಂತ.

“ನಿಯಮ ಮುರಿದೆಯಾ?” ಎಂದರು ಗುರುಗಳು.

“ಮುರಿದೆ. ಐದು ದಿನದಿಂದ ನೀವು ಏನೂ ತಿಂದಿಲ್ಲವೇ?”

“ಬೆಳಿಗ್ಗೆ ಎಳನೀರು ಕೊಡುತ್ತಿದ್ದೆಯಲ್ಲ. ಅದನ್ನು ಕುಡಿದಿದ್ದೇನೆ.”

“ಯಾಕೆ ಗುರುಗಳೇ?”

ಗುರುಗಳು ಬಾಯನ್ನು ಅಗಲವಾಗಿ ತೆರೆದರು.

ಮರಿದೇವ ಬಗ್ಗಿ ನೋಡಿದ. ಮುಂದುಗಡೆ ಆರೇಳು ಹಲ್ಲುಗಳಿದ್ದವು. ಅವುಗಳ ಹಿಂದೆ ಏನೂ ಇರಲಿಲ್ಲ. ಎರಡು ಕಡೆಯ ದವಡೆಯೂ ಬರಿದು.

ಅವನಿಗೆ ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಮಸೆದ ಸೊಪ್ಪಿಗೆ ಹಲ್ಲು ಬೇಡ. ದಿನಾ ಅದೇ ಅಡುಗೆ ಯಾಕೆಂದು ಮೂರು ವರ್ಷದ ಮೇಲೆ ಈಗ ಅವನಿಗೆ ಹೊಳೆಯಿತು.

“ಹಲ್ಲು ಹೋಗಿ ಎಷ್ಟು ದಿನವಾಯಿತು?”

“ಹದಿನೆಂಟು ವರ್ಷ.”

“ನಾನು ದಿನಾ ಪಾಠಕ್ಕೆ ನಿಮ್ಮ ಎದುರಿಗೇ ಕೂರುತ್ತಿದ್ದೆ.”

“ಕೂರುತ್ತಿದ್ದೆ. ಈ ಬಾಯಿಂದ ಬಂದ ಒಂದು ಮಾತನ್ನೂ ನೀನು ಬಿಟ್ಟವನಲ್ಲ. ಬಾಯನ್ನು ಮಾತ್ರ ನೋಡಲಿಲ್ಲ.”

“ಹೇಳಬಹುದಿತ್ತಲ್ಲ ಗುರುಗಳೇ.”

“ನಾನು ಎಷ್ಟು ವರ್ಷ ಬದುಕಬೇಕು ಅಂತ ನೀನು ಹೇಳಿದೆ. ಏನು ಉಣ್ಣುತ್ತೀರಿ ಅಂತ ಕೇಳಿದೆಯಾ?”

ಮರಿದೇವ ಚಿಕ್ಕ ಮಗುವಿನಂತೆ ಅತ್ತುಬಿಟ್ಟ. ಯಾರನ್ನು ಉಳಿಸಿಕೊಳ್ಳಬೇಕೆಂದು ಹೊರಟಿದ್ದನೋ ಅವರನ್ನೇ ಐದು ದಿನ ಉಪವಾಸ ಕೆಡವಿದ್ದ. ಅದೂ ಖಾಲಿ ಎಲೆ ನೋಡಿ ಹಿಗ್ಗುತ್ತ.

ಅಡುಗೆಮನೆಗೆ ಓಡಿ ಒಲೆ ಹೊತ್ತಿಸಲು ಕೂತ. ಒದ್ದೆ ಬೂದಿಯ ಮೇಲೆ ಸೌದೆ ಒಟ್ಟಿ ಊದಿದ, ಊದಿದ, ಬರೀ ಹೊಗೆ ಬಂತು. ಪುಟ್ಟನಿಂಗಮ್ಮ ಅವನನ್ನು ಪಕ್ಕಕ್ಕೆ ತಳ್ಳಿ, “ಏಳಪ್ಪ ಮೇಲೆ, ಬೂದಿ ತೆಗೀದೆ ಯಾರಾದ್ರೂ ಬೆಂಕಿ ಹಾಕ್ತಾರಾ?” ಎಂದಳು. ಕಣ್ಣುಮುಚ್ಚಿ ತೆರೆಯುವುದರೊಳಗೆ ಉರಿ ಎದ್ದಿತು. ರಾಗಿ ಗಂಜಿ ಕುದಿಯಿತು.

ಗುರುಗಳು ಗಂಜಿಯನ್ನು ನಿಧಾನವಾಗಿ ಗುಟುಕು ಗುಟುಕಾಗಿ ಕುಡಿದರು. ಮುಖಕ್ಕೆ ತುಸು ಬಣ್ಣ ಬಂತು. ಮರಿದೇವ ಕಣ್ಣೆವೆ ಮುಚ್ಚದೆ ನೋಡುತ್ತಿದ್ದ. ನೋಡಬಾರದು ಎಂದು ಯಾರೂ ಅವನಿಗೆ ಹೇಳಲಿಲ್ಲ.

ಆಮೇಲೆ ಅವನು ಕಾಯಿಪಲ್ಯದ ಬುಟ್ಟಿಯನ್ನು ಹೊತ್ತುಕೊಂಡು ಹೊಳೆಯ ಕಡೆ ಹೊರಟ.

“ಎಲ್ಲಿಗೆ?” ಎಂದರು ಗುರುಗಳು.

“ಹೊಳೆಗೆ ಹಾಕುತ್ತೇನೆ. ಇನ್ನು ಮೇಲೆ ಹಸಿಯದು ಯಾವುದೂ ಈ ಆಶ್ರಮದೊಳಗೆ ಬರಕೂಡದು.”

“ನಿನ್ನ ಮೈ ಹೇಗಿದೆ?”

ಮರಿದೇವ ತಲೆ ತಗ್ಗಿಸಿದ. “ಹಗುರವಾಗಿದೆ, ಗುರುಗಳೇ.”

“ಹಾಗಾದರೆ ಮೂಲಂಗಿ ಏನು ತಪ್ಪು ಮಾಡಿತು? ಬುಟ್ಟಿ ಇಳಿಸು. ನನಗೆ ಆಗುವಂಥದ್ದು ಅದರಲ್ಲಿ ಏನಾದರೂ ಇದೆಯೇ ನೋಡು.”

ಮರಿದೇವ ಬುಟ್ಟಿ ಇಳಿಸಿ ಒಂದೊಂದನ್ನೇ ಕೈಯಲ್ಲಿ ಹಿಡಿದ. ಮೂಲಂಗಿಯನ್ನು ಒತ್ತಿ ನೋಡಿ ಕೆಳಗಿಟ್ಟ. ಸೌತೆಕಾಯಿಯನ್ನು ಒತ್ತಿ ನೋಡಿ ಕೆಳಗಿಟ್ಟ. ಕೊಬ್ಬರಿ ಹಿಡಿದಾಗ ಅವನಿಗೇ ನಾಚಿಕೆಯಾಯಿತು. ಬುಟ್ಟಿಯ ತಳದಲ್ಲಿ ಒಂದು ಪರಂಗಿ ಹಣ್ಣು ಸಿಕ್ಕಿತು. ಜಾಸ್ತಿ ಹಣ್ಣಾಗಿ ಮೆತ್ತಗಾಗಿದೆ, ಬಡಿಸಲು ಚೆನ್ನಾಗಿಲ್ಲ ಎಂದು ಅವನೇ ಐದು ದಿನದಿಂದ ಅದನ್ನು ಬದಿಗೆ ಸರಿಸುತ್ತ ಬಂದಿದ್ದ.

ಅವನು ಅದನ್ನು ತೊಳೆದ. ಸಿಪ್ಪೆ ಹೆರೆದು ಬೀಜ ತೆಗೆದ. ಬಟ್ಟಲಿಗೆ ಹಾಕಿ ಬೆರಳಿನಿಂದ ಕಿವುಚಿದ. ಒಂದು ಚಿಟಿಕೆ ತಾನು ಬಾಯಿಗೆ ಹಾಕಿಕೊಂಡು, ಹಲ್ಲಿಗೆ ತಾಗಿಸದೆ ನಾಲಿಗೆಯಲ್ಲಿ ಒತ್ತಿ ನುಂಗಿದ. ಒಂದು ಎಳೆ ನಾರು ತಡೆಯಿತು. ಮತ್ತೆ ಕಿವುಚಿದ, ಮತ್ತೆ ನುಂಗಿ ನೋಡಿದ. ಮೂರನೆಯ ಸಲಕ್ಕೆ ಸರಿಹೋಯಿತು.

ಬಟ್ಟಲನ್ನು ಗುರುಗಳ ಮುಂದಿಟ್ಟು, ಬೆನ್ನು ತಿರುಗಿಸದೆ ಅಲ್ಲೇ ಕೂತ.

ಗುರುಗಳು ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿ ನುಂಗಿದರು. ಇನ್ನೊಂದು ತುತ್ತು ತೆಗೆದುಕೊಂಡರು.

“ಐದು ದಿನದಿಂದ ಕಾಯುತ್ತಿದ್ದೆ ಮರಿದೇವ,” ಎಂದರು. “ಇವತ್ತು ನೀನು ನೋಡಲು ಶುರು ಮಾಡಿದೆ.”