ಚಹಾ ಡಬ್ಬಿಯ ಕ್ಯಾಮೆರಾ ಮತ್ತು ಹುಂಜ

ಫೋಟೋ ತೆಗೆಯುವ ವಾರಿಜ ಖಾಲಿ ಚಹಾ ಡಬ್ಬಿಗೆ ಸೂಜಿಯಿಂದ ತೂತು ಕೊರೆದು, ಒಳಗೆ ಬೆಳಕಿಗೆ ಕಪ್ಪಾಗುವ ಕಾಗದ ಅಂಟಿಸಿ, ಹಿತ್ತಲ ಕಲ್ಲಿನ ಮೇಲಿಟ್ಟಳು. ಅದೇ ಅವಳ ಹೊಸ ಕ್ಯಾಮೆರಾ. ಸುದ್ದಿ ಕೇಳಿದ ಹುಂಜನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊರಿಗೆಲ್ಲ ಬೆಳಗು ತರುವ ತನ್ನದೊಂದು ಚಿತ್ರವೂ ಲೋಕದಲ್ಲಿ ಇಲ್ಲವೆಂಬ ಕೊರಗು ಅವನಿಗೆ ಬಹಳ ದಿನದ್ದು.

"ಡಬ್ಬಿಯವರೇ, ಎಷ್ಟು ಹೊತ್ತು ಹಿಡಿಯುತ್ತದೆ?" ಎಂದು ಕೇಳಿದ.

"ಅರ್ಧ ಗಂಟೆ. ನನ್ನ ಕಣ್ಣು ಸಣ್ಣದು, ನೋಟ ನಿಧಾನ. ಎದುರಿಗೆ ನಿಂತರೆ ಸಾಕು."

"ಅಷ್ಟೇ ತಾನೇ?"

ಹುಂಜ ಎಡದಿಂದ ಬಂದ, ಬಲದಿಂದ ಬಂದ, ಬೇಲಿ ಹತ್ತಿ ಕೂಗಿದ, ರೆಕ್ಕೆ ಬಡಿದು ಹಾರಿದ. ಯಾವ ಭಂಗಿಯೂ ತಪ್ಪಿಹೋಗಬಾರದಲ್ಲ. ಹಿಂದೆ ಮಲಗಿದ್ದ ಎಮ್ಮೆ ಕಣ್ಣು ಕೂಡ ತೆರೆಯಲಿಲ್ಲ.

ವಾರಿಜ ಕಾಗದ ತೊಳೆದು ಹಗ್ಗಕ್ಕೆ ನೇತುಹಾಕಿದಳು. ಹುಂಜ ಓಡಿಬಂದು ನೋಡಿದ. ಬೇಲಿ ಇತ್ತು, ಎಮ್ಮೆ ಇತ್ತು, ಅದರ ಎರಡೂ ಕೊಂಬು ಇದ್ದವು. ಅವನದೊಂದು ಪುಕ್ಕವೂ ಇರಲಿಲ್ಲ.

"ಅರ್ಧ ಗಂಟೆಯೂ ನಿಮ್ಮೆದುರೇ ಇದ್ದೆನಲ್ಲ?"

"ಇದ್ದಿರಿ ಸ್ವಾಮಿ. ಇಲ್ಲಿದ್ದೀರಿ ಅಂತ ಬರೆದುಕೊಳ್ಳುವಷ್ಟರಲ್ಲಿ ಅಲ್ಲಿರುತ್ತಿದ್ದಿರಿ," ಎಂದಿತು ಡಬ್ಬಿ.

ವಾರಿಜ ಹೊಸ ಕಾಗದ ಹಾಕಿ ಡಬ್ಬಿ ಇಟ್ಟದ್ದೇ ತಡ, ಹುಂಜ ಎದುರಿಗೆ ಹೋಗಿ ಕಂಬದ ಹಾಗೆ ನಿಂತ. ಒಂದು ಗರಿಯೂ ಅಲುಗಲಿಲ್ಲ.

ಹೇಂಟೆಗಳು ಗಾಬರಿಬಿದ್ದು ಎಮ್ಮೆಯ ಹತ್ತಿರ ಓಡಿದವು. "ಎಮ್ಮೆಯಕ್ಕಾ, ನಮ್ಮ ಯಜಮಾನರಿಗೆ ಮೈ ಸರಿಯಿಲ್ಲವೇ?"

"ಸುಮ್ಮನಿರ್ರೇ," ಎಂದಿತು ಎಮ್ಮೆ. "ಅವರೀಗ ಚಿತ್ರದೊಳಗೆ ಬರುತ್ತಿದ್ದಾರೆ."