ಕ್ರೇತೋನನ ಕಪ್ಪು ದಾರ

ಕ್ರಿಸ್ತನ ಶಿಷ್ಯರಾದ ಅಪೊಸ್ತಲರ ದಿನಗಳಲ್ಲಿ, ರೋಮನರ ಆಳ್ವಿಕೆಯ ಆಸ್ಯಸೀಮೆಯ ಒಂದು ಪುಟ್ಟ ಬಂದರಿನಲ್ಲಿ ಸಂತ ದಿಯೋನರು ಕ್ರೈಸ್ತ ಸಭೆಯ ಹಿರಿಯರಾಗಿದ್ದರು. ಹಿರಿಯರೆಂದರೆ ಗದ್ದುಗೆ ಇತ್ತೆಂದು ಭಾವಿಸಬೇಡಿ. ಬಲೆ ಒಣಗಿಸುವ ಅಂಗಳದ ಮೂಲೆಯಲ್ಲಿ ಒಂದು ಕೋಣೆ, ಹರಿದ ಚಾಪೆ, ವಿಧವೆಯರಿಗಾಗಿ ದಿನವೂ ರೊಟ್ಟಿ ಸುಡುವ ಒಲೆ. ಅವರ ಐಶ್ವರ್ಯವೆಲ್ಲ ಇಷ್ಟೇ.

ಅದೇ ಊರಿನಲ್ಲಿ ಕ್ರೇತೋನನೆಂಬ ಮಂತ್ರವಾದಿಯಿದ್ದ. ಬಟ್ಟಲಿನ ನೀರನ್ನು ರಕ್ತ ಮಾಡಿ ತೋರಿಸುವನು, ಬೊಂಬೆಯ ಬಾಯಲ್ಲಿ ಮಾತು ಹೊರಡಿಸುವನು. ಅವನು ಮಂತ್ರಿಸಿದ ಕಪ್ಪು ದಾರವಿಲ್ಲದ ಕತ್ತು ಬಂದರಿನಲ್ಲಿ ಅಪರೂಪ. ಅವನ ಕತ್ತಿನಲ್ಲಂತೂ ಅಂಥವು ಒಂದು ಗೊಂಚಲೇ ಇದ್ದವು.

ಅಂಬಿಗನ ವಿಧವೆ ಮೆಲಿತಾಳ ಮಗು ಲಿನೋಸನಿಗೂ ಆ ದಾರ ಕಟ್ಟಿತ್ತು. ಮೊದಲೆರಡು ಕೂಸುಗಳನ್ನು ಮಣ್ಣಿಗಿಟ್ಟ ತಾಯಿ ಆಕೆ. ಇವನು ಹುಟ್ಟಿದಾಗ ಕ್ರೇತೋನ ದಾರ ಕಟ್ಟಿ, "ಇದನ್ನ ಬಿಚ್ಚಿದ ದಿನ ಹೊತ್ತು ಮುಳುಗೋದರೊಳಗೆ ಕೂಸು ನಿನ್ನದಲ್ಲ" ಎಂದಿದ್ದ. ಆಮೇಲೆ ಆಕೆ ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆದಳು. ದಾರವನ್ನು ಮಾತ್ರ ಮಗುವಿನ ಅಂಗಿಯೊಳಗೆ ತೂರಿಸಿಟ್ಟಳು. ಎರಡು ದೋಣಿಯಲ್ಲಿ ಕಾಲು ಎಂದು ನಾವು ನಗಬಹುದು. ಎರಡು ಕೂಸು ಕಳೆದುಕೊಂಡವಳು ಸಿಕ್ಕ ದೋಣಿಯನ್ನೆಲ್ಲ ಹಿಡಿಯುತ್ತಾಳೆ.

ಅಷ್ಟರಲ್ಲಿ, ಎಫೆಸ ಪಟ್ಟಣದ ಮಾಟಗಾರರು ತಮ್ಮ ಪುಸ್ತಕಗಳನ್ನು ತಾವೇ ತಂದು ಸುಟ್ಟರೆಂಬ ಸುದ್ದಿ ಹಡಗಿನ ಮೇಲೆ ಬಂತು. ಇನ್ನು ಈ ಊರಿನವರನ್ನು ತಡೆಯುವವರು ಯಾರು? ಮರುದಿನ ಬೆಳಿಗ್ಗೆಯೇ ಅಂಗಳದಲ್ಲಿ ಬೆಂಕಿ ಎದ್ದಿತು. ತಾಯಿತ, ಬೊಂಬೆ, ಮಂತ್ರದ ಸುರುಳಿ ಹೊತ್ತು ಊರಿಗೆ ಊರೇ ನೆರೆಯಿತು. ಆ ನೂಕುನುಗ್ಗಲಿನಲ್ಲಿ ಲಿನೋಸ ಸೆಕೆಗೆ ಅಂಗಿ ಎಳೆದುಕೊಂಡ. ದಾರ ಹೊರಬಿತ್ತು.

"ಇಲ್ಲಿ ನೋಡ್ರೋ, ಸಭೆಯವಳ ಕೂಸಿನ ಕತ್ತಲ್ಲೇ ಇದೆ."

"ಕಿತ್ತು ಬೆಂಕಿಗೆ ಹಾಕಮ್ಮ."

ಮೆಲಿತಾ ಮಗುವನ್ನು ಎದೆಗವಚಿಕೊಂಡಳು. ಅಂಗಳದ ಬಾಗಿಲ ಬಳಿ ನಿಂತಿದ್ದ ಕ್ರೇತೋನ ತಣ್ಣಗೆ ಹೇಳಿದ, "ಕೀಳಲಿ. ಸಂಜೆಗೆ ಗುಂಡಿ ತೋಡಿಡಿ."

ಗದ್ದಲ ಕೇಳಿ ಸಂತರು ಹಿಟ್ಟಿನ ಕೈಯಲ್ಲೇ ಹೊರಬಂದರು. ಗದರಲಿಲ್ಲ. "ಮಗಳೇ, ನಿನಗೆ ನಿದ್ದೆ ಬರುತ್ತದೆಯೇ?" ಎಂದು ಕೇಳಿದರು.

"ಎಲ್ಲಿಯ ನಿದ್ದೆ ಅಪ್ಪಾ? ಗಂಟು ಸಡಿಲಾಯ್ತೇನೋ ಅಂತ ಮುಟ್ಟಿ ಮುಟ್ಟಿ ನೋಡ್ತೀನಿ."

"ಹಾಗಾದರೆ ದಾರ ಮಗುವನ್ನು ಕಾಯುತ್ತಿಲ್ಲ. ನೀನು ದಾರವನ್ನು ಕಾಯುತ್ತಿದ್ದೀಯೆ." ಅವರು ನೆಲದ ಮೇಲೆ ಕುಳಿತು ಮಡಿಲು ಹಾಸಿದರು. "ಬಿಚ್ಚು. ಹೊತ್ತು ಮುಳುಗುವವರೆಗೂ ನಾನು ಪಕ್ಕದಲ್ಲಿ ಕೂತಿರುತ್ತೇನೆ."

ಎಷ್ಟು ತಡಕಿದರೂ ಆಕೆಯ ಬೆರಳಿಗೆ ಗಂಟು ಸಿಗಲೊಲ್ಲದು. ಯಾರೋ ನೆರವಿಗೆ ಬಂದರೆ ಸಂತರು ತಡೆದರು. ಕೊನೆಗೆ ಗಂಟು ಬಿಟ್ಟಿತು, ದಾರ ಬೆಂಕಿಗೆ ಬಿತ್ತು. ಮೆಲಿತಾಳಿಗೆ ಅಳಲೂ ಆಗದಷ್ಟು ಭಯ.

ಆ ದಿನ ಬಂದರಿನಲ್ಲಿ ಒಂದು ದೋಣಿಯೂ ನೀರಿಗಿಳಿಯಲಿಲ್ಲ. ಎಲ್ಲರ ಕಣ್ಣೂ ಸಂತರ ಮಡಿಲಲ್ಲಿದ್ದ ಮಗುವಿನ ಮೇಲೆ. ಲಿನೋಸ ಸಂತರ ಗಡ್ಡ ಎಳೆದ, ಹಸಿ ಹಿಟ್ಟು ತಿಂದ, ಬೂದಿ ತೂರಿದ. ಹೊತ್ತು ಇಳಿಯುತ್ತಿದ್ದಂತೆ ಇದ್ದಕ್ಕಿದ್ದಂತೆ ಅವನ ಕತ್ತು ಒಂದು ಕಡೆಗೆ ವಾಲಿತು. ಕೈ ಜೋತುಬಿತ್ತು.

"ಹೇಳಿರಲಿಲ್ಲವೇ?" ಎಂದು ಕ್ರೇತೋನ ಕೂಗಿದ. ಜನ ಹೋ ಎಂದರು. ಒಲೆಯ ಬಳಿಯಿದ್ದ ಮೆಲಿತಾ ಚೀರುತ್ತಾ ಓಡಿ ಬಂದಳು.

ಸಂತರು ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ. ಈಗಷ್ಟೇ ನಿದ್ದೆ ಹತ್ತಿದೆ."

ಊರಿಗೆ ಊರೇ ಉಸಿರು ಬಿಗಿಹಿಡಿದು, ಒಂದು ಕೂಸಿನ ಗೊರಕೆ ಕೇಳುತ್ತಾ ನಿಂತಿತು. ಸೂರ್ಯ ಕಡಲಿಗಿಳಿದ. ಲಿನೋಸ ಎದ್ದು ಕಣ್ಣುಜ್ಜಿಕೊಂಡು ರೊಟ್ಟಿ ಕೇಳಿದ. ಆಗ ಮೆಲಿತಾ ಅತ್ತಳು. ಎಷ್ಟು ಹಿತವಾಗಿತ್ತು ಆ ಅಳು.

ಜನ ಕ್ರೇತೋನನತ್ತ ಕಲ್ಲೆತ್ತಿಕೊಂಡರು. ಅವನು ಓಡಲಿಲ್ಲ. ಅವನ ಬೆರಳು ತನ್ನದೇ ಕತ್ತಿನ ದಾರಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿತ್ತು. ಹಾಗೆ ಮುಟ್ಟಿ ಮುಟ್ಟಿ ನೋಡುವುದು ಮೆಲಿತಾಳಿಗೆ ಚೆನ್ನಾಗಿ ಗೊತ್ತು. ಆಕೆ ಜನರನ್ನು ಸರಿಸಿ ಹೋಗಿ ಅವನ ಕೈಗೆ ಒಂದು ರೊಟ್ಟಿ ಇಟ್ಟಳು.

"ನಿನಗೂ ನಿದ್ದೆ ಇಲ್ಲ, ಅಲ್ವಾ? ನಾಳೆ ಬಾ. ಹೊತ್ತು ಮುಳುಗೋವರೆಗೂ ನಾನು ಪಕ್ಕದಲ್ಲಿ ಕೂತಿರ್ತೀನಿ."

ಮರುದಿನ ಸಂತರು ಒಲೆ ಹಚ್ಚಲು ಬಂದಾಗ ಕ್ರೇತೋನ ಬರಿಗತ್ತಿನಲ್ಲಿ ಅಂಗಳದಲ್ಲಿ ಕುಳಿತಿದ್ದ. ಅವನಿಗೆ ಹೆದರಿಕೆಯಾಗದಿರಲೆಂದು, ಪಕ್ಕದಲ್ಲಿ ಕೂತ ಮೆಲಿತಾ ಲಿನೋಸನನ್ನು ಅವನ ಮಡಿಲಿಗೇ ಕೊಟ್ಟಿದ್ದಳು.