ಗದ್ದ ಹಿಡಿದ ಕೈ

ಫ್ರೆಂಚ್ ಕಪ್ತಾನನ ಗದ್ದಕ್ಕೆ ಕತ್ತಿ ಹಿಡಿದವನು ಈ ಏಳು ಸೀಮೆಯಲ್ಲಿ ನಾನೊಬ್ಬನೇ. ಸುಳ್ಳು ಅನ್ನುವವರು ಸಾಕ್ಷಿ ಕೇಳಲು ಮಸಣಕ್ಕೇ ಹೋಗಬೇಕು. ನೋಡಿದವರೆಲ್ಲ ಈಗ ಅಲ್ಲೇ ಇದ್ದಾರೆ.

ಒಂದು ದಿನ ಡಂಗುರ ಬಂತು: “ಕೇಳ್ರಪ್ಪೋ! ರಾಜರು ಮೂರು ಫ್ರೆಂಚ್ ಮಾತು ಬರೆಸಿಟ್ಟಿದ್ದಾರೆ. ಒಂದೊಂದೂ ಬಾಯಿಬಿಟ್ಟು ಹೇಳುವಾಗ ಎಷ್ಟು ತುಂಡಾಗುತ್ತದೆ ಅಂತ ಹೇಳಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ತಲೆ ಇಲ್ಲ!”

ರಾಜ ಆ ಕಪ್ತಾನನ ಹತ್ತಿರ ಮೂರು ವರ್ಷ ಕಲಿತು, ತುಂಬಿದ ಸಭೆಯಲ್ಲಿ ಓದಿ ನಗೆಪಾಟಲಾಗಿದ್ದ. ದಡ್ಡ ತಾನೊಬ್ಬನೇ ಅಲ್ಲ ಅಂತ ತೋರಿಸಲು ಅವನಿಗೆ ಊರವರ ತಲೆ ಬೇಕಾಗಿತ್ತು.

ಓದಿದವರು ಬಂದರು. ಬರೆದದ್ದನ್ನೆಲ್ಲ ಓದುವುದು ನಮ್ಮ ರೂಢಿ ನೋಡಿ, ಹಾಗೇ ಅಕ್ಷರ ಅಕ್ಷರಕ್ಕೂ ಬಾಯಿ ತೆರೆದರು. ಮೊದಲ ಮಾತಿಗೇ ಒಬ್ಬ ಮೂರು ಅಂದ, ಇನ್ನೊಬ್ಬ ನಾಲ್ಕು ಅಂದ. ಇಬ್ಬರ ತಲೆಯೂ ಹೋಯಿತು. ಮೂರನೆಯವನು ನಮ್ಮಣ್ಣ ಮುದ್ದಯ್ಯ. ನಮ್ಮ ಮನೆಯಲ್ಲಿ ಅಕ್ಷರ ಕಂಡವನು ಅವನೊಬ್ಬನೇ. ಅವನೂ ತಪ್ಪಿದ. ಮರುದಿನ ತಲೆ ಕೊಡುವ ಸರದಿ ಅವನದು.

ಬೆಳಗ್ಗೆ ನಾನು ಕತ್ತಿಪೆಟ್ಟಿಗೆ ಹಿಡಿದು ಸಭೆಗೆ ಹೋದೆ.

“ಏನೋ, ಕ್ಷೌರ ಮಾಡೋ ನಿನಗೆ ಓದೋಕೆ ಬರುತ್ತೇನೋ?” ಅಂದ ರಾಜ.

“ಇಲ್ಲ ಬುದ್ಧಿ. ಕಪ್ತಾನರೇ ಮಾತು ಹೇಳಲಿ, ನಾನು ತುಂಡು ಎಣಿಸ್ತೀನಿ. ಕೇಳಬಾರದು ಅಂತ ಡಂಗುರದವನು ಸಾರಲಿಲ್ಲ.”

ಕಪ್ತಾನನನ್ನು ಕೂರಿಸಿ ಗದ್ದ ಹಿಡಿದೆ. ಅವನು ಕ್ಷೌರಕ್ಕೆ ಕೂತರೂ ಬಾಯಿ ಮುಚ್ಚುವ ಜನ ಅಲ್ಲ. ಮಾತಿನ ಒಂದೊಂದು ತುಂಡಿಗೂ ಗದ್ದ ಒಂದು ಸಲ ಇಳಿಯುತ್ತದೆ; ಯಾವಾಗ ಇಳಿಯುತ್ತದೆ ಅಂತ ಬೆರಳಿಗೆ ಗೊತ್ತಿರದಿದ್ದರೆ ರಕ್ತವೇ.

ರಾಜ ಕೇಳಿದ: “ಏಳು ಅಕ್ಷರದ ಮಾತು. ‘ಅವರು ಮಾತಾಡುತ್ತಾರೆ’ ಅಂತ ಅರ್ಥ. ಎಷ್ಟು ತುಂಡು?”

“ಪಾರ್ಲ್,” ಅಂದ ಕಪ್ತಾನ.

“ಒಂದು, ಬುದ್ಧಿ.”

“ಎಂಟು ಅಕ್ಷರ. ‘ಅವರು ಪ್ರೀತಿಸುತ್ತಿದ್ದರು.’”

“ಎಮೆ,” ಅಂದ ಕಪ್ತಾನ.

“ಎರಡು.”

“ಹನ್ನೊಂದು ಅಕ್ಷರ. ‘ಅವರು ಮುಗಿಸುತ್ತಿದ್ದರು.’” ರಾಜನ ದನಿ ಸಣ್ಣಗಾಗಿತ್ತು.

“ಫಿನಿಸೆ.” ಗದ್ದ ಅಲುಗಿತೋ ಇಲ್ಲವೋ ಅನ್ನುವಷ್ಟು. ಆದರೂ ನನ್ನ ಬೆರಳು ಬಿಡುತ್ತದೆಯೇ?

“ಮೂರು.”

ಕಪ್ತಾನ ತಲೆದೂಗಿದ. ಮಾತಿನ ಕೊನೆಯ ಅಕ್ಷರಗಳು ಕಾಗದಕ್ಕಂತೆ, ಬಾಯಿಗಲ್ಲವಂತೆ. ಬಾಯಿಗೇ ಬಾರದ ಆ ಅಕ್ಷರಗಳಿಗೆ ಎರಡು ತಲೆ ಉರುಳಿದ್ದವು.

“ಅರ್ಧ ರಾಜ್ಯ ತಗೋ.”

“ಅಣ್ಣನನ್ನು ಕೊಡಿ, ಸಾಕು.”

ಕೊಟ್ಟ. ಅಣ್ಣ ನನ್ನ ಹಿಂದೆಯೇ ಮನೆಗೆ ಬಂದ, ಮದುವೆಯಾದ, ಏಳು ಮಕ್ಕಳನ್ನು ಎತ್ತಿ ಆಡಿಸಿದ.

ಬಾಗಿಲಲ್ಲಿ ಅಕ್ಕಿ ಆರಿಸುತ್ತ ನನ್ನ ಈ ಕತೆ ಕೇಳುತ್ತಿದ್ದ ಸೊಸೆ ನೀಲವ್ವ ತಲೆಯೆತ್ತಿದಳು. “ಮಾವ, ‘ಮದುವೆ ಕಾಣದೆ ಸತ್ತ ಅಣ್ಣ’ ಅಂತ ವರ್ಷ ವರ್ಷ ನನ್ನ ಕೈಲಿ ಎಡೆ ಇಡಿಸ್ತೀರಲ್ಲ, ಅದು ಯಾರಿಗೆ?”

ನಾನು ಭುಜ ಕುಣಿಸಿದೆ. “ಕತೆಯಲ್ಲಾದರೂ ಮನೆಗೆ ಬಂದನಲ್ಲ, ಬಿಡವ್ವ.”